ಹೆಡ್ ಗ್ಯಾಸ್ಕೆಟ್ ಹೋಗಿದೆ, ಮಾರಿಬಿಡಿ ಅಂತಿದ್ದಾರೆ. ನಿಜವಾಗಲೂ ಮಾರಬೇಕಾ?

ಹಳೇಗೇರು:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

ನನ್ನ ಪೆಟ್ರೋಲ್ ಕಾರಿಗೆ ಈಗ 13 ವರ್ಷ. ಓಡಿರುವುದು 2,14,000 ಕಿ.ಮೀ. ಐದು ಗೇರಿನ ಮ್ಯಾನುಯಲ್. ಹೊಸದಾಗಿ ತಂದ ದಿನದಿಂದ ನಾನೊಬ್ಬನೇ ಓಡಿಸಿದ್ದು. ಆಯಿಲ್ ಬದಲಿಸಿದ ತಾರೀಖೆಲ್ಲ ಒಂದು ನೋಟ್‌ಬುಕ್ಕಿನಲ್ಲಿದೆ. ಮೂರು ತಿಂಗಳಿಂದ ಕೂಲಂಟ್, ಅಂದರೆ ಇಂಜಿನ್ ತಣ್ಣಗಿಡುವ ದ್ರವ, ಕಮ್ಮಿಯಾಗುತ್ತಿದೆ. ಹತ್ತು ಹನ್ನೆರಡು ದಿನಕ್ಕೊಮ್ಮೆ ಅರ್ಧ ಲೀಟರ್ ಹಾಕುತ್ತಿದ್ದೇನೆ. ನಿಲ್ಲಿಸಿದ ಜಾಗದಲ್ಲಿ ಒಂದು ಹನಿಯೂ ಬಿದ್ದಿರುವುದಿಲ್ಲ. ಟೆಂಪರೇಚರ್ ಮುಳ್ಳು ನಡುಮಧ್ಯ ಬಿಟ್ಟು ಕದಲಿಲ್ಲ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತದೆ, ಐದು ನಿಮಿಷಕ್ಕೆ ನಿಲ್ಲುತ್ತದೆ.

ಗ್ಯಾರೇಜಿಗೆ ತೋರಿಸಿದೆ. ಬಾನೆಟ್ ಎತ್ತಿದರು, ಆಯಿಲ್ ಮುಚ್ಚಳ ತಿರುಗಿಸಿ ನೋಡಿದರು. ಅಂಚಿನಲ್ಲಿ ಬಿಳಿ ಕೆನೆ ಥರ ಏನೋ ಇತ್ತು. "ಹೆಡ್ ಗ್ಯಾಸ್ಕೆಟ್ ಹೋಗಿದೆ ಸಾರ್. ಇಷ್ಟು ಹಳೇ ಗಾಡಿಗೆ ಇಂಜಿನ್ ಬಿಚ್ಚೋದು ದಂಡ. ಓಡ್ತಿರುವಾಗಲೇ ಮಾರಿಬಿಡಿ" ಅಂದರು. ಇಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವೆ ಕೂರುವ ಸೀಲ್ ಅದು. ಎಲ್ಲ ಸೇರಿ ಎರಡು ನಿಮಿಷ.

ಮನೆಯಲ್ಲೂ ಹೊಸದು ತಗೋ ಅಂತ ಒಂದೇ ರಾಗ. ನನಗೆ ಮನಸ್ಸಿಲ್ಲ. ಬರೀ ಮೋಹ ಅಂದುಕೊಳ್ಳಬೇಡಿ. ಈ ಕಾರಿನ ಪ್ರತಿ ಕಾಯಿಲೆಯೂ ನನಗೆ ಗೊತ್ತು. ತಣ್ಣಗಿದ್ದಾಗ ಎರಡನೇ ಗೇರು ಯಾಕೆ ಮುನಿಸಿಕೊಳ್ಳುತ್ತದೆ, ಎಡಗಡೆ ಹಿಂಬಾಗಿಲು ಯಾಕೆ ಗಟ್ಟಿಯಾಗಿ ಹಾಕಬೇಕು, ಎಲ್ಲ. ಇನ್ನೊಬ್ಬರ ಗಾಡಿ ತಂದರೆ ಅವರು ಬಚ್ಚಿಟ್ಟ ಕಾಯಿಲೆಗಳನ್ನು ಹುಡುಕುವುದೇ ಒಂದು ಕೆಲಸ.

ರಿಪೇರಿ ಮಾಡಿಸಲೋ, ಮಾರಲೋ? ಮಾರಿದರೆ ಮುಂದೆ ಎಂಥದ್ದು ನೋಡಲಿ?

ಟಾರ್ಕ್‌ರಾಜ:
ಮಾರಿ. 13 ವರ್ಷ ದುಡಿಸಿಕೊಂಡಿದ್ದೀರಿ, ಸಾಕು.

ಹಿಂದಿನಸೀಟು:
ಎರಡು ನಿಮಿಷದಲ್ಲಿ ಹೆಡ್ ಗ್ಯಾಸ್ಕೆಟ್ ಅಂತ ಹೇಳಿದವರಿಗೆ ಎಕ್ಸ್‌ರೇ ಕಣ್ಣು ಇರಬೇಕು.

ಸ್ಪ್ಯಾನರ್ 13:
22 ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಹೆಡ್ ಗ್ಯಾಸ್ಕೆಟ್ ಇರಬಹುದು, ಇಲ್ಲದಿರಬಹುದು. ಮುಚ್ಚಳ ತಿರುಗಿಸಿ ತೀರ್ಪು ಕೊಡುವ ಕಾಯಿಲೆ ಅಂತೂ ಅದಲ್ಲ.

ಮುಚ್ಚಳದ ಕೆಳಗಿನ ಕೆನೆ ಬಗ್ಗೆ ಹೇಳುತ್ತೇನೆ. ಗಾಡಿ ದಿನಾ ಎರಡು ಮೂರು ಕಿ.ಮೀ. ಮಾತ್ರ ಓಡಿದರೆ ಇಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ. ಒಳಗಿನ ತೇವ ಆವಿಯಾಗಿ ಹೋಗದೆ ಆಯಿಲ್ ಜೊತೆ ಸೇರಿ ಮುಚ್ಚಳಕ್ಕೆ ಅಂಟಿಕೊಳ್ಳುತ್ತದೆ. ಆಯಿಲ್ ಮಟ್ಟ ನೋಡುವ ಕಡ್ಡಿ ಇದೆಯಲ್ಲ, ಡಿಪ್‌ಸ್ಟಿಕ್, ಅದನ್ನು ಎಳೆದು ನೋಡಿ. ಅದರಲ್ಲಿ ಆಯಿಲ್ ಆಯಿಲ್ ಥರವೇ ಇದ್ದರೆ ಅರ್ಧ ಭಯ ಬಿಡಿ. ಇನ್ನು ಬೆಳಗಿನ ಹೊಗೆ. ಐದು ನಿಮಿಷಕ್ಕೆ ನಿಂತರೆ ಅದು ಹೆಚ್ಚಾಗಿ ಸೈಲೆನ್ಸರಿನ ಒಳಗೆ ಕೂತ ನೀರು. ಗ್ಯಾಸ್ಕೆಟ್ ಹೋದ ಹೊಗೆ ಇಂಜಿನ್ ಬಿಸಿಯಾದ ಮೇಲೂ ಬಿಡುವುದಿಲ್ಲ, ಒಂಥರಾ ಸಿಹಿ ವಾಸನೆ ಇರುತ್ತದೆ.

ಎರಡು ಪರೀಕ್ಷೆ ಮಾಡಿಸಿ. ಮೊದಲನೆಯದು ಪ್ರೆಶರ್ ಟೆಸ್ಟ್. ಇಂಜಿನ್ ತಣ್ಣಗಿರುವಾಗ ರೇಡಿಯೇಟರ್ ಬಾಯಿಗೆ ಕೈಪಂಪ್ ಕೂರಿಸಿ, ಮುಚ್ಚಳದ ಮೇಲೆ ಬರೆದಷ್ಟು ಒತ್ತಡ ಕೊಟ್ಟು ಅರ್ಧ ಗಂಟೆ ಬಿಡುವುದು. ಮುಳ್ಳು ಇಳಿದರೆ ಎಲ್ಲೋ ಸೋರುತ್ತಿದೆ ಅಂತ. ಆಗ ಟಾರ್ಚ್ ಹಿಡಿದು ಹುಡುಕಬೇಕು. ಎರಡನೆಯದು ನೀಲಿ ನೀರಿನ ಟೆಸ್ಟ್. ಒಂದು ಕೊಳವೆಯಲ್ಲಿ ನೀಲಿ ದ್ರವ ಇರುತ್ತದೆ, ಇಂಜಿನ್ ಓಡುವಾಗ ರೇಡಿಯೇಟರ್ ಬಾಯಿಯ ಗಾಳಿಯನ್ನು ಅದರ ಮೂಲಕ ಎಳೆಯುತ್ತೇವೆ. ಸಿಲಿಂಡರಿನ ಹೊಗೆ ಕೂಲಂಟಿಗೆ ನುಗ್ಗುತ್ತಿದ್ದರೆ ಅದರಲ್ಲಿರುವ ಕಾರ್ಬನ್ ಡೈಆಕ್ಸೈಡಿಗೆ ನೀಲಿ ಹೋಗಿ ಹಳದಿ ಆಗುತ್ತದೆ. ಈ ಎರಡೂ ಆಗುವ ತನಕ ಒಂದು ಬೋಲ್ಟೂ ಬಿಚ್ಚಿಸಬೇಡಿ.

ಬಿಸಿ ಇಂಜಿನ್ನಿನ ಮುಚ್ಚಳ ಮಾತ್ರ ನೀವೇ ತೆಗೆಯಲು ಹೋಗಬೇಡಿ. ಒಳಗೆ 1 ಬಾರ್ ಒತ್ತಡ ಜಾಸ್ತಿ ಇದ್ದರೆ ಬರೀ ನೀರೇ ಸುಮಾರು 120 ಡಿಗ್ರಿ ತನಕ ಕುದಿಯದೆ ಕೂತಿರುತ್ತದೆ. ಮುಚ್ಚಳ ತೆಗೆದ ತಕ್ಷಣ ಕುದಿದು ಮುಖಕ್ಕೇ ಬರುತ್ತದೆ.

ಕ್ಲಚ್ಚಮ್ಮ:
ಸ್ಪ್ಯಾನರ್ ಅಣ್ಣ ಹೇಳಿದ್ದು ಸರಿ. ಪರೀಕ್ಷೆ ಮಾಡದೆ ಪಾರ್ಟ್ ಬದಲಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ನಾನೇ ಆ ಬರೆ ಹಾಕಿದವಳು.

ಇಂಜಿನ್ ಲೈಟ್ ಬಂತು. ಕಾರಿನ ಕಂಪ್ಯೂಟರಿನ ದೋಷದ ಕೋಡ್ ಓದುವ ಓಬಿಡಿ ರೀಡರ್ ಹಾಕಿದರೆ ಪಿ0171. ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಆಕ್ಸಿಜನ್ ಸೆನ್ಸರ್ ಹಾಳಾಗಿರುತ್ತದೆ ಅಂತ ಎಲ್ಲೋ ಓದಿ ಅದನ್ನು ಬದಲಿಸಿದೆ. ಲೈಟ್ ಹೋಯಿತು, ಮೂರು ದಿನಕ್ಕೆ ಮತ್ತೆ ಬಂತು. ಏರ್ ಫ್ಲೋ ಸೆನ್ಸರ್ ಬದಲಿಸಿದೆ. ಮತ್ತೆ ಅದೇ ಕಥೆ. ಫ್ಯೂಯೆಲ್ ಪಂಪ್ ಬದಲಿಸುವುದೊಂದು ಬಾಕಿ ಇತ್ತು. ಅಷ್ಟರಲ್ಲಿ ಒಬ್ಬ ವಯಸ್ಸಾದ ಮೆಕ್ಯಾನಿಕ್ ಇಂಜಿನ್ ಓಡುವಾಗ ಬಗ್ಗಿ ಕಿವಿಗೊಟ್ಟರು. ಕಿರುಬೆರಳು ದಪ್ಪದ ಒಂದು ರಬ್ಬರ್ ವ್ಯಾಕ್ಯೂಮ್ ಪೈಪನ್ನು ಬಗ್ಗಿಸಿ ತೋರಿಸಿದರು. ಒಳಮೈಯಲ್ಲಿ ಸೀಳು. ಬಗ್ಗಿಸಿದಾಗ ಮಾತ್ರ ಬಾಯಿ ಬಿಡುತ್ತಿತ್ತು. ಅಷ್ಟೇ ಕಾಯಿಲೆ.

ಕೋಡ್ ಹೇಳುವುದು ಏನು ಆಗುತ್ತಿದೆ ಅಂತ. ಯಾಕೆ ಆಗುತ್ತಿದೆ ಅಂತ ನಾವೇ ಹುಡುಕಬೇಕು.

ಸ್ಪ್ಯಾನರ್ 13:
ಮೇಡಂ, ಆ ಮೆಕ್ಯಾನಿಕ್ಕಿಗೆ ಎಷ್ಟು ಕೊಟ್ಟಿರಿ?

ಕ್ಲಚ್ಚಮ್ಮ:
ಪೈಪಿನ ದುಡ್ಡು. ಅವರು ಬೇರೆ ಏನೂ ಕೇಳಲಿಲ್ಲ.

ಸ್ಪ್ಯಾನರ್ 13:
ನೋಡಿ, ನಮ್ಮ ಕಷ್ಟ ಇರುವುದೇ ಇಲ್ಲಿ. ಎರಡು ಸೆನ್ಸರಿಗೆ ಕೇಳಿದಷ್ಟು ಕೊಟ್ಟಿರಿ. ಕಿವಿಗೊಟ್ಟವರಿಗೆ ಪೈಪಿನ ದುಡ್ಡು. ಪರೀಕ್ಷೆಗೆ ಒಂದು ಗಂಟೆ ಕೂಲಿ ಹಾಕಿದರೆ ಜನ ಜಗಳಕ್ಕೆ ಬರುತ್ತಾರೆ, "ಏನೂ ಬದಲಿಸಿಲ್ಲ, ಯಾಕೆ ದುಡ್ಡು?" ಅಂತ. ಅದೇ ಒಂದು ಡಬ್ಬಿ ಪಾರ್ಟ್ ಕೈಗೆ ಕೊಟ್ಟು ಬಿಲ್ ಹಾಕಿದರೆ ಥ್ಯಾಂಕ್ಸ್ ಹೇಳಿ ಹೋಗುತ್ತಾರೆ. ಎರಡು ನಿಮಿಷದಲ್ಲಿ ಹೆಡ್ ಗ್ಯಾಸ್ಕೆಟ್ ಅಂದವನು ಮಾಡಿದ್ದು ತಪ್ಪೇ. ಆದರೆ ಅವನಿಗೆ ಎರಡು ನಿಮಿಷಕ್ಕಿಂತ ಜಾಸ್ತಿ ಕೊಡಲು ಯಾರೂ ತಯಾರಿಲ್ಲ.

ಕ್ಲಚ್ಚಮ್ಮ:
ಸರಿ, ಒಪ್ಪಿದೆ. ಮುಂದಿನ ಸಲ ಕಿವಿಗೂ ದುಡ್ಡು ಕೊಡುತ್ತೇನೆ.

ಟಾರ್ಕ್‌ರಾಜ:
ನಾನು ಒಂದು ಸಾಲಲ್ಲಿ ಮಾರಿ ಅಂದಿದ್ದಕ್ಕೆ ಮೂರು ಜನ ಒಳಗೆ ಬಂದು ಬೈದಿದ್ದೀರಿ. ಕಾರಣ ಹೇಳುತ್ತೇನೆ, ಗ್ಯಾಸ್ಕೆಟ್ ಅಲ್ಲ.

ಗ್ಯಾಸ್ಕೆಟ್ ಸರಿ ಮಾಡಬಹುದು. ಇಲ್ಲದ ಏರ್‌ಬ್ಯಾಗ್ ಹಾಕಿಸಲು ಆಗುತ್ತದಾ? ಮೂರು ಬಿಂದುವಿನ ಸೀಟ್ ಬೆಲ್ಟ್ ವೋಲ್ವೋದವರು 1959ರಲ್ಲಿ ತಂದರು. ಜೋರಾಗಿ ಬ್ರೇಕ್ ಒತ್ತಿದರೂ ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ 1978ರಲ್ಲಿ ಮರ್ಸಿಡಿಸ್ ಎಸ್ ಕ್ಲಾಸಿನಲ್ಲಿ ಬಂತು, ಬಾಶ್ ಮಾಡಿದ್ದು. ಜಾರುವಾಗ ಒಂದೊಂದು ಚಕ್ರಕ್ಕೆ ಬೇರೆ ಬೇರೆ ಬ್ರೇಕ್ ಹಾಕಿ ಗಾಡಿಯನ್ನು ದಾರಿಗೆ ತರುವ ಇಎಸ್‌ಸಿ 1995ರದ್ದು. ಇವೆಲ್ಲ ಎಷ್ಟೋ ವರ್ಷ ದುಬಾರಿ ಗಾಡಿಗಳಲ್ಲಿ ಮಾತ್ರ ಇದ್ದವು. 13 ವರ್ಷದ ಸಣ್ಣ ಕಾರಿನಲ್ಲಿ ಇಎಸ್‌ಸಿ ಇಲ್ಲದಿರುವ ಸಾಧ್ಯತೆಯೇ ಜಾಸ್ತಿ. ನೋಟ್‌ಬುಕ್ ಎಷ್ಟು ಚೆನ್ನಾಗಿ ಬರೆದರೂ ಒದ್ದೆ ತಿರುವಿನಲ್ಲಿ ಅದು ಬ್ರೇಕ್ ಹಾಕುವುದಿಲ್ಲ.

ಹಳೇಗೇರು:
ಈ ಮಾತಿಗೆ ಉತ್ತರ ಇಲ್ಲ. ಎಬಿಎಸ್ ಇದೆ, ಏರ್‌ಬ್ಯಾಗ್ ಎರಡು, ಇಎಸ್‌ಸಿ ಇಲ್ಲ. ಮಾರುವ ದಿನ ಬಂದರೆ ಇದೇ ಕಾರಣಕ್ಕೆ ಮಾರುತ್ತೇನೆ, ಕೂಲಂಟಿಗೆ ಅಲ್ಲ.

ನಾಲ್ಕನೇ ಸಿಲಿಂಡರ್:
ಲೆಕ್ಕದ ಕಡೆಯಿಂದ ಒಂದು ಮಾತು. "ರಿಪೇರಿ ಖರ್ಚು ಗಾಡಿಯ ಬೆಲೆಗಿಂತ ಜಾಸ್ತಿ, ಆದ್ದರಿಂದ ದಂಡ" ಅಂತ ಎಲ್ಲರೂ ಹೇಳುತ್ತಾರೆ. ಗಾಡಿ ಮಾರಿದರೆ ಎಷ್ಟು ಬರುತ್ತದೆ ಅನ್ನುವುದಕ್ಕೂ ಅದು ಇನ್ನು ಎರಡು ವರ್ಷ ಓಡಿದರೆ ನಿಮಗೆ ಎಷ್ಟು ಉಳಿಯುತ್ತದೆ ಅನ್ನುವುದಕ್ಕೂ ಸಂಬಂಧವೇ ಇಲ್ಲ. ರಿಪೇರಿ ಖರ್ಚನ್ನು ಹೊಸ ಗಾಡಿ ಒಂದು ವರ್ಷದಲ್ಲಿ ಕಳೆದುಕೊಳ್ಳುವ ಬೆಲೆ, ಸಾಲದ ಬಡ್ಡಿ, ಜಾಸ್ತಿಯಾಗುವ ವಿಮೆ ಇವುಗಳ ಪಕ್ಕ ಇಟ್ಟು ನೋಡಿ. ಮೊದಲ ವರ್ಷವೇ ಎಲ್ಲಕ್ಕಿಂತ ಜೋರಾಗಿ ಬೆಲೆ ಇಳಿಯುವುದು.

ಇರ್ವ್ ಗಾರ್ಡನ್ ಅಂತ ಅಮೆರಿಕದ ಒಬ್ಬ ವಿಜ್ಞಾನದ ಮೇಷ್ಟ್ರು ಇದ್ದರು. 1966ರಲ್ಲಿ ತೆಗೆದುಕೊಂಡ ವೋಲ್ವೋ ಪಿ1800 ಅನ್ನು ಓಡಿಸಿ ಓಡಿಸಿ 2013ರಲ್ಲಿ 30 ಲಕ್ಷ ಮೈಲಿ ದಾಟಿಸಿದರು. ನಮ್ಮ ಲೆಕ್ಕದಲ್ಲಿ 48 ಲಕ್ಷ ಕಿ.ಮೀ. ಏನಾದರೂ ಗುಟ್ಟು ಇದೆಯಾ ಅಂದರೆ, ಪುಸ್ತಕದಲ್ಲಿ ಹೇಳಿದ ಸರ್ವೀಸ್ ಹೇಳಿದ ಹೊತ್ತಿಗೆ ಮಾಡಿಸಿದರು, ಅಷ್ಟೇ.

ಟಾರ್ಕ್‌ರಾಜ:
ಇಂಜಿನ್ ಬಿಚ್ಚಿ ಮರುಕಟ್ಟಿಸಿದ್ದನ್ನು ಬಿಟ್ಟುಬಿಟ್ಟಿರಲ್ಲ. ಅವರು ಓಡಿಸಿದ್ದೂ ಜಾಸ್ತಿ ದೂರ ದೂರದ ಹೆದ್ದಾರಿಯಲ್ಲಿ. ಬಿಸಿಯಾದ ಇಂಜಿನ್, ಒಂದೇ ವೇಗ. ದಿನಾ ಎರಡು ಕಿ.ಮೀ. ಓಡುವ ಕಾರಿಗೆ ಆ ಲೆಕ್ಕ ಹಿಡಿಯಬೇಡಿ.

ಬ್ಯಾಟರಿಬಾಬು:
ಕೂಲಂಟ್, ಗ್ಯಾಸ್ಕೆಟ್, ಟೈಮಿಂಗ್ ಬೆಲ್ಟ್... ಎಲೆಕ್ಟ್ರಿಕ್ ತಗೊಳ್ಳಿ, ಈ ಪುರಾಣವೇ ಇಲ್ಲ.

ಸ್ಪ್ಯಾನರ್ 13:
ಎಲೆಕ್ಟ್ರಿಕ್‌ಗೂ ಕೂಲಂಟ್ ಇರುತ್ತದೆ ಸ್ವಾಮಿ. ಬ್ಯಾಟರಿ ತಣ್ಣಗಿಡಲು.

ಬ್ಯಾಟರಿಬಾಬು:
ಎಲ್ಲದರಲ್ಲೂ ಇಲ್ಲ. ಗಾಳಿಯಲ್ಲೇ ತಣ್ಣಗಾಗುವವೂ ಇವೆ.

ಸ್ಪ್ಯಾನರ್ 13:
ಹೌದು. ಅವುಗಳ ಬ್ಯಾಟರಿ ಬಿಸಿಲಲ್ಲಿ ಬೇಗ ಸೊರಗುತ್ತದೆ. ಎಲೆಕ್ಟ್ರಿಕ್ ಬೇಡ ಅಂತಲ್ಲ. ನನ್ನ ಗ್ಯಾರೇಜಿಗೆ ಟ್ರಕ್ಕಿನ ಮೇಲೆ ಬರುವ ಎಲೆಕ್ಟ್ರಿಕ್ ಗಾಡಿಗಳಲ್ಲಿ ಹೆಚ್ಚಿನವು ಸತ್ತಿರುವುದು ಮೂಲೆಯಲ್ಲಿ ಕೂತ 12 ವೋಲ್ಟಿನ ಸಣ್ಣ ಬ್ಯಾಟರಿಯಿಂದ. ದೊಡ್ಡ ಬ್ಯಾಟರಿ ತುಂಬಿದ್ದರೂ ಬಾಗಿಲೇ ತೆರೆಯುವುದಿಲ್ಲ. ಇನ್ನೊಂದು, ಮೋಟಾರೇ ವೇಗ ಇಳಿಸುವುದರಿಂದ ಬ್ರೇಕ್ ಕಮ್ಮಿ ಬಳಕೆಯಾಗಿ ಡಿಸ್ಕಿಗೆ ತುಕ್ಕು ಹಿಡಿಯುತ್ತದೆ. ಕೆಲಸವೇ ಇಲ್ಲ ಅನ್ನಬೇಡಿ, ಕೆಲಸ ಬೇರೆ ಅನ್ನಿ.

ಮಳೆಹುಳ:
ನಾನು ಹೊಸಬ. ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಮೊದಲ ಕಾರು, ಸೆಕೆಂಡ್ ಹ್ಯಾಂಡ್. ಹೋದ ವಾರದಿಂದ ಮುಂದಿನ ಎಡಗಡೆ ಚಕ್ರದ ಹತ್ತಿರ ಟಿಕ್ ಟಿಕ್ ಸದ್ದು. ನಿಧಾನವಾಗಿ ಹೋದಾಗ ಮಾತ್ರ. 40 ದಾಟಿದರೆ ಸದ್ದೇ ಇಲ್ಲ. ಏನಿರಬಹುದು? ಇನ್ನೊಂದು ಪ್ರಶ್ನೆ, ಮುಂದೆ ಆಟೋಮ್ಯಾಟಿಕ್ ತಗೊಂಡರೆ ಯಾವ ಥರದ್ದು ಒಳ್ಳೆಯದು?

ಹಿಂದಿನಸೀಟು:
ಮಳೆಹುಳ ತಮ್ಮಾ, ಆಟೋಮ್ಯಾಟಿಕ್ ಪ್ರಶ್ನೆ ಕೇಳಿಬಿಟ್ಟೆಯಲ್ಲ. ಇನ್ನು ಇವರು ಬೆಳಗಾಗುವ ತನಕ ನಿಲ್ಲಿಸುವುದಿಲ್ಲ.

ಎಣ್ಣೆಕೈ:
ಟಾರ್ಕ್ ಕನ್ವರ್ಟರ್ ಇರುವುದು, ಅಂದರೆ ಕ್ಲಚ್ಚಿನ ಬದಲು ಎಣ್ಣೆಯ ಮೂಲಕ ಶಕ್ತಿ ಸಾಗಿಸುವುದು, ತಗೊಳ್ಳಿ. ಮುಚ್ಚಿದ ಬಾಗಿಲು.

ನಾಲ್ಕನೇ ಸಿಲಿಂಡರ್:
ಯಾಕೆ ಮುಚ್ಚುತ್ತೀರಿ, ತೆರೆಯಿರಿ. ಸಿವಿಟಿ, ಅಂದರೆ ಮೆಟ್ಟಿಲು ಮೆಟ್ಟಿಲಾದ ಗೇರುಗಳೇ ಇಲ್ಲದ್ದು, ನಿಧಾನವಾಗಿ ಓಡಿಸುವವರಿಗೆ ನುಣ್ಣಗೆ ಇರುತ್ತದೆ. ಎರಡು ಕ್ಲಚ್ಚಿನದು ಖಾಲಿ ರಸ್ತೆಯಲ್ಲಿ ಬಲು ಚೆಂದ. ಆದರೆ ಇಂಚಿಂಚು ತೆವಳುವ ಟ್ರಾಫಿಕ್ಕಿನಲ್ಲಿ ಒಣ ಕ್ಲಚ್ಚಿನ ಜಾತಿಯದು ಬಿಸಿಯಾಗಿ ಒದ್ದಾಡುತ್ತದೆ. ಎಎಂಟಿ ಅಂದರೆ ಮ್ಯಾನುಯಲ್ ಗೇರ್‌ಬಾಕ್ಸಿಗೆ ಯಂತ್ರದ ಕೈಕಾಲು ಕಟ್ಟಿದ್ದು. ಗೇರು ಬದಲಿಸುವಾಗ ತಲೆ ಅಲ್ಲಾಡಿಸುತ್ತದೆ, ರಿಪೇರಿ ಮಾತ್ರ ಸುಲಭ. ಯಾವ ಥರದ್ದು ಅನ್ನುವುದಕ್ಕಿಂತ ನೀವು ಎಲ್ಲಿ ಓಡಿಸುತ್ತೀರಿ ಅನ್ನುವುದು ಮುಖ್ಯ.

ಎಣ್ಣೆಕೈ:
ಯಾವುದು ತಗೊಂಡರೂ ಗೇರ್‌ಬಾಕ್ಸ್ ಆಯಿಲ್ ಬದಲಿಸಿ. "ಜೀವಮಾನದ ಆಯಿಲ್, ಬದಲಿಸಬೇಕಿಲ್ಲ" ಅಂತ ಕಾರ್ ಕಂಪನಿ ಬರೆದಿರುತ್ತದೆ. ಯಾರ ಜೀವಮಾನ? ಎಷ್ಟೋ ಕಂಪನಿಗಳಿಗೆ ಗೇರ್‌ಬಾಕ್ಸ್ ಮಾಡಿಕೊಡುವ ಝಡ್‌ಎಫ್‌ನವರೇ 80,000ದಿಂದ 1,20,000 ಕಿ.ಮೀ. ಒಳಗೆ ಬದಲಿಸಿ ಅನ್ನುತ್ತಾರೆ. ಹೆತ್ತವರ ಮಾತು ಕೇಳಬೇಕೋ, ಮದುವೆ ದಲ್ಲಾಳಿ ಮಾತೋ?

ಸ್ಪ್ಯಾನರ್ 13:
ಮಳೆಹುಳ ಅವರೇ, ನಿಧಾನದಲ್ಲಿ ಟಿಕ್ ಟಿಕ್, ವೇಗದಲ್ಲಿ ನಿಶ್ಶಬ್ದ ಅಂದರೆ ನನಗೆ ಮೊದಲು ಅನುಮಾನ ವೀಲ್ ಕವರ್ ಮೇಲೆ. ಒಳಗೆ ಸಣ್ಣ ಕಲ್ಲು ಸಿಕ್ಕಿರುತ್ತದೆ. ನಿಧಾನ ತಿರುಗುವಾಗ ಬೀಳುತ್ತಾ ಏಳುತ್ತಾ ಸದ್ದು ಮಾಡುತ್ತದೆ. ವೇಗ ಹೆಚ್ಚಾದರೆ ಅಂಚಿಗೆ ಒತ್ತಿಕೊಂಡು ಅಲ್ಲೇ ಕೂತುಬಿಡುತ್ತದೆ. ತಿರುಗಿಸುವಾಗ ಮಾತ್ರ ಟಕ ಟಕ ಬಂದರೆ ಅದು ಬೇರೆ, ಚಕ್ರಕ್ಕೆ ಶಕ್ತಿ ತಲುಪಿಸುವ ಆಕ್ಸಲ್ಲಿನ ಕೀಲು, ಸಿವಿ ಜಾಯಿಂಟ್, ನೋಡಬೇಕು. ಕವರ್ ತೆಗೆದು ನೋಡಿ ಹೇಳಿ.

ಕ್ಲಚ್ಚಮ್ಮ:
ಆಯ್ಕೆ ವಿಷಯಕ್ಕೆ ನನ್ನದೂ ಒಂದಿಷ್ಟು. ಕಾರು ನೋಡಲು ಹೋದಾಗ ಎಲ್ಲರೂ ಸ್ಕ್ರೀನ್ ಒತ್ತಿ ನೋಡುತ್ತಾರೆ. ನಾನು ಹೆಡ್‌ಲೈಟ್ ಬಲ್ಬಿಗೆ ಕೈ ಹೋಗುತ್ತದಾ ನೋಡುತ್ತೇನೆ. ಬಲ್ಬ್ ಬದಲಿಸಲು ಬಂಪರ್ ಕಳಚಬೇಕಾದರೆ, ಆ ಗಾಡಿ ಮಾಡಿದವರು ರಿಪೇರಿ ಮಾಡುವವರ ಬಗ್ಗೆ ಯೋಚಿಸಿಯೇ ಇಲ್ಲ ಅಂತ ಅರ್ಥ. ಉಳಿದದ್ದೂ ಹಾಗೇ ಇರುತ್ತದೆ.

ಆಮೇಲೆ ಟೈರ್. ಮೇಲಿನ ಮಾಡೆಲ್ಲಿಗೆ ದೊಡ್ಡ ರಿಮ್, ತೆಳ್ಳಗಿನ ಟೈರ್ ಕೊಡುತ್ತಾರೆ. ನೋಡಲು ಚೆಂದ. ಗುಂಡಿಗೆ ಬಿದ್ದಾಗ ಮೊದಲು ರಿಮ್ ಸೊಟ್ಟಗಾಗುವುದು ಅದರದ್ದೇ. ನಾನು ಯಾವಾಗಲೂ ನಡುವಿನ ಮಾಡೆಲ್ ತೆಗೆದುಕೊಳ್ಳುತ್ತೇನೆ, ಸಣ್ಣ ರಿಮ್, ದಪ್ಪ ಟೈರ್. ಸೆಕೆಂಡ್ ಹ್ಯಾಂಡ್ ಆದರೆ ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿ ಓದಿ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಗಾಡಿ ಓಡಿದ್ದು ಕಮ್ಮಿ ಅಂತ ಹೇಳಿ ನಾಲ್ಕು ಟೈರೂ ಹೊಸದಿದ್ದರೆ ಒಂದು ಪ್ರಶ್ನೆ ಕೇಳಲೇಬೇಕು.

ಟಾರ್ಕ್‌ರಾಜ:
ಅಂದರೆ ನಿಮ್ಮ ಪ್ರಕಾರ ಬಲ್ಬ್ ನೋಡಿ ಕಾರು ತೆಗೆದುಕೊಳ್ಳಬೇಕು. ಓಡಿಸುವ ಸುಖ ಅಂತ ಒಂದಿದೆ ಮೇಡಂ.

ಕ್ಲಚ್ಚಮ್ಮ:
ಇದೆ. ಅದು ಬಲ್ಬ್ ಉರಿಯುವ ಕಾರಿನಲ್ಲೇ ಜಾಸ್ತಿ.

ಎಣ್ಣೆಕೈ:
ಬೆಲ್ಟ್ ಕೂಡ ಕೇಳಿ ನೋಡಿ. ಕೆಲವು ಇಂಜಿನ್ನುಗಳಲ್ಲಿ ಪಿಸ್ಟನ್ನಿನ ತಾಳಕ್ಕೆ ವಾಲ್ವುಗಳನ್ನು ತೆರೆದು ಮುಚ್ಚಿಸುವ ಟೈಮಿಂಗ್ ಬೆಲ್ಟ್ ಆಯಿಲ್‌ನಲ್ಲೇ ಒದ್ದೆಯಾಗಿ ಓಡುತ್ತದೆ. ಬೇರೆ ಆಯಿಲ್ ಹಾಕಿದರೆ, ಇಲ್ಲವೇ ಆಯಿಲ್ ಬದಲಿಸಲು ತಡ ಮಾಡಿದರೆ ಬೆಲ್ಟ್ ಪುಡಿ ಪುಡಿಯಾಗಿ ಆಯಿಲ್ ಪಂಪಿನ ಜಾಲರಿಗೆ ಕಟ್ಟಿಕೊಳ್ಳುತ್ತದೆ. ಬೆಲ್ಟ್ ತುಂಡಾಗುವ ಮೊದಲೇ ಇಂಜಿನ್ನಿಗೆ ಆಯಿಲ್ ಸಿಗದೆ ಕಥೆ ಮುಗಿಯುತ್ತದೆ. ಸೆಕೆಂಡ್ ಹ್ಯಾಂಡಿನಲ್ಲಿ ಅಂಥದ್ದು ನಾನಂತೂ ಮುಟ್ಟುವುದಿಲ್ಲ.

ಹಿಂದಿನಸೀಟು:
ಒಂದೇ ಗಾಡಿಗೆ ಎರಡು ಲೋಗೋ ಹಾಕಿ ಮಾರುವುದನ್ನೂ ಹೇಳಿ. ಟೊಯೋಟಾ 86 ಮತ್ತು ಸುಬಾರು ಬಿಆರ್‌ಝಡ್ ನೋಡಿ. ಅಳಿಯ ಅಲ್ಲ, ಮಗಳ ಗಂಡ.

ನಾಲ್ಕನೇ ಸಿಲಿಂಡರ್:
ಅದು ಕೊಳ್ಳುವವರಿಗೆ ಒಳ್ಳೆಯದೇ. ಪಾರ್ಟ್ ಎರಡು ಕಡೆ ಸಿಗುತ್ತದೆ. ಲೋಗೋ ನೋಡಿ ಜನ ಬಿಟ್ಟ ಮಗಳ ಗಂಡ ಕಮ್ಮಿ ಬೆಲೆಗೆ ಸಿಗುತ್ತಾನೆ.

ಹಳೇಗೇರು:
ವರದಿ ಒಪ್ಪಿಸಲು ಬಂದೆ. ಬೇರೆ ಗ್ಯಾರೇಜಿಗೆ ಹೋದೆ. "ಪರೀಕ್ಷೆಗೆ ಒಂದೂವರೆ ಗಂಟೆ ಕೂಲಿ ಕೊಡುತ್ತೇನೆ, ಪಾರ್ಟ್ ಆಮೇಲೆ ಮಾತಾಡೋಣ" ಅಂದೆ. ಮೆಕ್ಯಾನಿಕ್ ನನ್ನನ್ನು ವಿಚಿತ್ರವಾಗಿ ನೋಡಿದರು, ಆಮೇಲೆ ಸ್ಟೂಲ್ ಎಳೆದು ಕೂರಿಸಿದರು.

ಡಿಪ್‌ಸ್ಟಿಕ್ ಸ್ವಚ್ಛ. ನೀಲಿ ನೀರು ಹತ್ತು ನಿಮಿಷ ಆದರೂ ನೀಲಿಯೇ. ಗ್ಯಾಸ್ಕೆಟ್ ಗಟ್ಟಿಯಾಗಿದೆ! ಪ್ರೆಶರ್ ಟೆಸ್ಟಿನಲ್ಲಿ ಮಾತ್ರ ಮುಳ್ಳು ನಿಧಾನವಾಗಿ ಇಳಿಯುತ್ತಾ ಹೋಯಿತು. ಗಾಡಿ ಮೇಲೆತ್ತಿದರು. ಟೈಮಿಂಗ್ ಕವರಿನ ಕೆಳಭಾಗ ಬಿಚ್ಚಿ ಟಾರ್ಚ್ ಹಿಡಿದು, ಚಿಕ್ಕ ಕನ್ನಡಿ ಕೊಟ್ಟು "ನೀವೇ ನೋಡಿ" ಅಂದರು. ಕೂಲಂಟನ್ನು ಇಂಜಿನ್ ಸುತ್ತ ತಳ್ಳುವ ವಾಟರ್ ಪಂಪಿನ ಹೊಟ್ಟೆಯ ಕೆಳಗೆ ಬೆಂಕಿಕಡ್ಡಿ ತಲೆಯಷ್ಟು ಒಂದು ತೂತು. ಅದರ ಸುತ್ತ ಒಣಗಿದ ಗುಲಾಬಿ ಬಣ್ಣದ ಹುಡಿ, ಕೆಳಕ್ಕೆ ಗೆರೆ ಎಳೆದ ಹಾಗೆ. ಒಳಗಿನ ಸೀಲ್ ಸವೆದರೆ ಗೊತ್ತಾಗಲಿ ಅಂತಲೇ ಆ ತೂತು ಇಟ್ಟಿರುತ್ತಾರಂತೆ. ಸೋರಿದ ಕೂಲಂಟ್ ಬಿಸಿ ಬ್ಲಾಕಿನ ಮೇಲೆ ಹರಿದು ಅಲ್ಲೇ ಆರುತ್ತಿತ್ತು. ಉಳಿದ ಹನಿಗಳನ್ನು ಕೆಳಗಿನ ಪ್ಲಾಸ್ಟಿಕ್ ತಟ್ಟೆ ಹಿಡಿದಿಟ್ಟುಕೊಂಡಿತ್ತು. ನೆಲ ಒಣಗಿದ್ದು ಅದಕ್ಕೇ.

ಇನ್ನು ನನ್ನ ಮಾನ ಕಳೆಯುವ ಭಾಗ. ಮನೆಗೆ ಬಂದು ನೋಟ್‌ಬುಕ್ ತೆಗೆದೆ. 1,10,000 ಕಿ.ಮೀ.ಗೆ ಟೈಮಿಂಗ್ ಬೆಲ್ಟ್ ಬದಲಿಸಿದ ಪುಟ. ನನ್ನದೇ ಕೈಬರಹದಲ್ಲಿ, "ಪಂಪ್ ಚೆನ್ನಾಗಿದೆ, ಮುಂದಿನ ಸಲ."

ಸ್ಪ್ಯಾನರ್ 13:
ಬೆಲ್ಟಿನಿಂದಲೇ ತಿರುಗುವ ಪಂಪ್ ಆದರೆ ಬೆಲ್ಟ್, ಅದನ್ನು ಬಿಗಿಯಾಗಿಡುವ ಟೆನ್ಷನರ್, ಪಂಪ್ ಮೂರೂ ಒಟ್ಟಿಗೆ ಬದಲಿಸಬೇಕು ಅಂತ ನಾವು ಬಾಯಿ ಬಡಿದುಕೊಳ್ಳುತ್ತೇವೆ. ಪಂಪ್ ಜಾಮ್ ಆದರೆ ಬೆಲ್ಟ್ ಹರಿಯುತ್ತದೆ. ನಿಮ್ಮದು ಪಿಸ್ಟನ್ ವಾಲ್ವಿಗೆ ತಾಗುವ ಜಾತಿಯ ಇಂಜಿನ್ ಆಗಿದ್ದರೆ ಆಗ ನಿಜವಾಗಲೂ ಮಾರಬೇಕಾಗುತ್ತಿತ್ತು. ಈಗ ಮೂರೂ ಹಾಕಿಸಿ.

ಹಳೇಗೇರು:
ಹಾಕಿಸಿದೆ. ಜೊತೆಗೆ ಇನ್ನೊಂದು ಸಿಕ್ಕಿತು. ಮೇಲೆತ್ತಿದ್ದಾಗ ಹಿಂದಿನ ಬ್ರೇಕ್ ಪೈಪ್ ತೋರಿಸಿದರು. ಕ್ಲಿಪ್ ಕೂತ ಜಾಗದಲ್ಲಿ ತುಕ್ಕು ಹಿಡಿದು ಪದರ ಪದರವಾಗಿ ಏಳುತ್ತಿದೆ. ಉಗುರಲ್ಲಿ ಕೆರೆದರೆ ಉದುರಿತು. ಮೂರು ತಿಂಗಳು ಕೂಲಂಟ್ ಬಗ್ಗೆ ನಿದ್ದೆಗೆಟ್ಟೆ, ಜೀವ ತೆಗೆಯುವುದು ಹಿಂದೆ ಸದ್ದಿಲ್ಲದೆ ಕೂತಿತ್ತು. ನನ್ನ ಗಾಡಿಯ ಕಾಯಿಲೆ ಎಲ್ಲ ಗೊತ್ತು ಅಂತ ಮೇಲೆ ಜಂಬ ಕೊಚ್ಚಿದ್ದನ್ನು ವಾಪಸ್ ತಗೊಂಡಿದ್ದೇನೆ.

ಟಾರ್ಕ್‌ರಾಜ:
ಇದಕ್ಕೇ ನಾನು ಮಾರಿ ಅಂದಿದ್ದು. ಆದರೂ ಸಿಕ್ಕಿದ್ದು ಒಳ್ಳೆಯದಾಯಿತು. ತಳದ ಚಾಸಿ ಭಾಗಕ್ಕೆ ತುಕ್ಕು ಇದೆಯಾ? ಇಂಜಿನ್ ಎಷ್ಟು ಸಲ ಬೇಕಾದರೂ ಬಿಚ್ಚಬಹುದು. ಬಾಡಿ ತುಕ್ಕು ತಿಂದರೆ ಆ ಗಾಡಿ ಮುಗಿಯಿತು.

ಹಳೇಗೇರು:
ಸುತ್ತಿಗೆಯ ಹಿಡಿಯಲ್ಲಿ ತಟ್ಟಿ ನೋಡಿದೆವು. ಎಲ್ಲ ಕಡೆ ಗಟ್ಟಿ ಸದ್ದು. ಬ್ರೇಕ್ ಪೈಪ್ ತಾಮ್ರ ನಿಕಲ್ ಮಿಶ್ರಣದ್ದು ಹಾಕಿಸಿದೆ, ಅದಕ್ಕೆ ಹೀಗೆ ತುಕ್ಕು ಹಿಡಿಯುವುದಿಲ್ಲ. ಎರಡು ವರ್ಷ ಇಟ್ಟುಕೊಳ್ಳುತ್ತೇನೆ. ಆಮೇಲೆ ಇಎಸ್‌ಸಿ ಇರುವುದೇ ತರುತ್ತೇನೆ ರಾಜಣ್ಣ, ನಿಮ್ಮ ಮೇಲಾಣೆ.

ಕ್ಲಚ್ಚಮ್ಮ:
ಬ್ರೇಕ್ ಆಯಿಲ್ ಪೂರ್ತಿ ಹೊಸದು ತಾನೆ? ಅದು ಗಾಳಿಯಿಂದ ನೀರು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕುದಿಯಲು ಕನಿಷ್ಠ 230 ಡಿಗ್ರಿ ಬೇಕು, ನೀರು ಕುಡಿದ ಮೇಲೆ 155ಕ್ಕೆ ಇಳಿಯಬಹುದು. ಉದ್ದದ ಇಳಿಜಾರಿನಲ್ಲಿ ಒಳಗೆ ಆವಿ ತುಂಬಿ ಪೆಡಲ್ ಮೆತ್ತಗಾಗುತ್ತದೆ.

ಮೆತ್ತಗೆ ಅಂದಾಗ ನೆನಪಾಯಿತು. ಮೊದಲ ಸಲ ನಾನೇ ಬ್ರೇಕ್ ಪ್ಯಾಡ್ ಬದಲಿಸಿದೆ. ಪಿಸ್ಟನ್ ಹಿಂದಕ್ಕೆ ಒತ್ತಿ, ಹೊಸ ಪ್ಯಾಡ್ ಕೂರಿಸಿ, ಚಕ್ರ ಹಾಕಿ, ಹೆಮ್ಮೆಯಿಂದ ಹಿಂದಕ್ಕೆ ತೆಗೆದೆ. ಬ್ರೇಕ್ ಒತ್ತಿದರೆ ಪೆಡಲ್ ಸೀದಾ ನೆಲಕ್ಕೆ. ಹ್ಯಾಂಡ್‌ಬ್ರೇಕ್ ಎಳೆದು ಗೋಡೆಗೆ ಒಂದು ಗೇಣು ಇರುವಾಗ ನಿಂತೆ. ಪ್ಯಾಡ್ ಹಾಕಿದ ಮೇಲೆ, ಗಾಡಿ ಕದಲಿಸುವ ಮೊದಲು, ಪೆಡಲ್ ಗಟ್ಟಿಯಾಗುವ ತನಕ ಒತ್ತಿ ಒತ್ತಿ ಬಿಡಬೇಕು. ಇದನ್ನು ಯಾರೂ ಹೇಳಿರಲಿಲ್ಲ.

ಹಿಂದಿನಸೀಟು:
ಗೋಡೆ ಹೇಳುವುದರಲ್ಲಿತ್ತು.

ಎಣ್ಣೆಕೈ:
ಹಳೇಗೇರು ಸರ್, 2 ಲಕ್ಷ ದಾಟಿದೆ, ಇನ್ನು ದಪ್ಪ ಆಯಿಲ್ ಹಾಕಿ. 20ಡಬ್ಲ್ಯು-50. ಹಳೇ ಇಂಜಿನ್ನಿಗೆ ಮೈತುಂಬಾ ಹೊದಿಕೆ.

ನಾಲ್ಕನೇ ಸಿಲಿಂಡರ್:
ಮಾಡಬೇಡಿ. ಡಬ್ಲ್ಯು ಮುಂದಿನ ಅಂಕಿ ಹೇಳುವುದು ತಣ್ಣಗಿರುವಾಗ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಅಂತ. 5 ಇದ್ದ ಕಡೆ 20 ಹಾಕಿದರೆ ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ಮೇಲೆ ತಲುಪಲು ತಡ. ಸವೆತ ಜಾಸ್ತಿ ಆಗುವುದೇ ಆ ಹೊತ್ತಿನಲ್ಲಿ. ಪುಸ್ತಕದಲ್ಲಿ ಏನಿದೆಯೋ ಅದೇ ಹಾಕಿ.

ಎಣ್ಣೆಕೈ:
ಪುಸ್ತಕ ಬರೆದವರು ಮೈಲೇಜ್ ಅಂಕಿಗೋಸ್ಕರ ತೆಳ್ಳಗಿನದು ಬರೆಯುತ್ತಾರೆ.

ನಾಲ್ಕನೇ ಸಿಲಿಂಡರ್:
ಹಾಗಾದರೆ ಗೇರ್‌ಬಾಕ್ಸ್ ವಿಷಯದಲ್ಲಿ ಹೆತ್ತವರ ಮಾತು ಕೇಳಿ ಅಂದವರು ಯಾರು?

ಎಣ್ಣೆಕೈ:
ಅದು ಬೇರೆ ಮನೆತನ.

ಮಳೆಹುಳ:
ಸ್ಪ್ಯಾನರ್ ಅಣ್ಣ, ವೀಲ್ ಕವರ್ ತೆಗೆದೆ. ಒಳಗೆ ಇದ್ದದ್ದು ಕಲ್ಲಲ್ಲ. ಒಂದು ನಟ್.

ಸ್ಪ್ಯಾನರ್ 13:
ಗಾಡಿ ಕದಲಿಸಬೇಡಿ. ಆ ಚಕ್ರದಲ್ಲಿ ಎಷ್ಟು ನಟ್ ಇವೆ, ಎಣಿಸಿ.

ಮಳೆಹುಳ:
ನಾಲ್ಕು ಇರಬೇಕು. ಮೂರೇ ಇವೆ. ಅದರಲ್ಲಿ ಒಂದು ಕೈಯಲ್ಲೇ ತಿರುಗುತ್ತಿದೆ. ಹತ್ತು ದಿನದ ಹಿಂದೆ ಟೈರ್ ಅದಲುಬದಲು ಮಾಡಿಸಿದ್ದೆ.

ಕ್ಲಚ್ಚಮ್ಮ:
ಅಯ್ಯೋ ದೇವರೇ.

ಸ್ಪ್ಯಾನರ್ 13:
ಗಾಬರಿ ಬೇಡ. ಜ್ಯಾಕ್ ಹಾಕಿ ಆ ಚಕ್ರ ನೆಲದಿಂದ ಸ್ವಲ್ಪ ಎತ್ತಿ. ಬೋಲ್ಟಿನ ಮರೆ (ಥ್ರೆಡ್) ಕೆಟ್ಟಿದೆಯಾ, ರಿಮ್ಮಿನ ತೂತು ಅಗಲ ಆಗಿದೆಯಾ ನೋಡಿ. ಎರಡೂ ಸರಿ ಇದ್ದರೆ ನಾಲ್ಕೂ ನಟ್ ಕೈಯಲ್ಲಿ ಹಾಕಿ, ಎದುರುಬದುರಾಗಿ ಬಿಗಿ ಮಾಡಿ, ಇಳಿಸಿ, ಮತ್ತೆ ಬಿಗಿ ಮಾಡಿ. ಟಾರ್ಕ್ ರೆಂಚ್ ಇದ್ದರೆ ಪುಸ್ತಕದಲ್ಲಿ ಬರೆದಷ್ಟು, ಸಣ್ಣ ಕಾರುಗಳಿಗೆ ಹೆಚ್ಚಾಗಿ 100 ನ್ಯೂಟನ್ ಮೀಟರ್ ಆಸುಪಾಸು. ಮರೆ ಕೆಟ್ಟಿದ್ದರೆ ಟ್ರಕ್ ಕರೆಸಿ, ಓಡಿಸಿಕೊಂಡು ಹೋಗಬೇಡಿ. ಉಳಿದ ಮೂರು ಚಕ್ರದ ಕವರೂ ತೆಗೆದು ನೋಡಿ.

ಮಳೆಹುಳ:
ಮರೆ ಸರಿ ಇದೆ, ತೂತೂ ಸರಿ ಇದೆ. ಬಿಗಿ ಮಾಡಿದೆ. ಹಿಂದಿನ ಬಲಗಡೆಯದ್ದೂ ಎರಡು ಸಡಿಲ ಇದ್ದವು, ಅವನ್ನೂ ಬಿಗಿ ಮಾಡಿದೆ.

ಹಳೇಗೇರು:
ಚಕ್ರ ಯಾರೇ ಹಾಕಲಿ, 50ರಿಂದ 100 ಕಿ.ಮೀ. ಓಡಿದ ಮೇಲೆ ಒಂದು ಸಲ ಮತ್ತೆ ಬಿಗಿ ನೋಡಬೇಕು ತಮ್ಮಾ. ಒಂದು ನೋಟ್‌ಬುಕ್ ತಗೊಂಡು ಇವತ್ತಿನ ತಾರೀಖು ಬರೆದಿಡು.

ಮಳೆಹುಳ:
ಬರೆದೆ. ಮೊದಲ ಪುಟ, ಮೊದಲ ಸಾಲು: "ನಟ್ 1, ವೀಲ್ ಕವರಿನಲ್ಲಿ."